ಕಡಲ ತಳದ ಕಾಲುದೀಪ

ನನ್ನ ಹಳೆಯ ಮೀನುಗಾರಿಕೆ ಬೋಟನ್ನು ಮುಳುಗಿಸಲು ಕೊಟ್ಟವನು ನಾನೇ. ಕಡಲಿನಲ್ಲಿರುವ ದ್ವೀಪದ ಹತ್ತಿರ ಮುಳುಗಿಸಿದರೆ ಮೀನುಗಳಿಗೆ ಮನೆಯಾಗುತ್ತದೆ, ನೋಡಲು ಜನರೂ ಮುಳುಗುತ್ತಾರೆ ಎಂದು ಡೈವಿಂಗ್ ಕಲಿಸುವವರು ಹೇಳಿದರು. ಪುಣ್ಯದ ಕೆಲಸ! ಆದರೆ ಅನ್ನ ಕೊಟ್ಟ ಬೋಟನ್ನು ಪೂಜೆಯಿಲ್ಲದೆ ಕಳಿಸುವುದುಂಟೇ? ಹೆಂಡತಿ ಶಕುಂತಲೆಯ ಕಾಲುದೀಪ ತಂದು ಚುಕ್ಕಾಣಿಯ ಮುಂದೆ ಹಚ್ಚಿದೆ. ತೀರಿಹೋದ ಅಮ್ಮನದ್ದೆಂದು ಅವಳ ಬಳಿ ಇದ್ದದ್ದು ಅದೊಂದೇ. ಅಲುಗಾಡದಂತೆ ಹಗ್ಗದಿಂದ ಬಿಗಿದೆ ಕೂಡ. ಎಂಥ ಮುಂದಾಲೋಚನೆ!

ಉರಿಯುವ ದೀಪವನ್ನು ಆರಿಸಬಾರದು. ತಾನಾಗಿ ಆರಿದ ಮೇಲೆ ತೆಗೆದರಾಯಿತು ಎಂದು ಚಹಾ ಕುಡಿಯಲು ಹೋದೆ. ಬರುವಷ್ಟರಲ್ಲಿ ಬೋಟನ್ನು ಎಳೆದುಕೊಂಡು ಹೋಗಿದ್ದರು. ಅಷ್ಟು ಜನರಲ್ಲಿ ಒಬ್ಬನಾದರೂ ದೀಪ ತೆಗೆಯಬಾರದೇ? ಅವರೂ ನಮ್ಮೂರಿನವರೇ, ಉರಿಯುವ ದೀಪ ಮುಟ್ಟಲು ಹೆದರಿದರಂತೆ! ಕೊನೆಗೆ ಅರಬ್ಬೀ ಸಮುದ್ರವೇ ಆರಿಸಿತು.

"ನಿಮಗೆ ಚಾ ದೊಡ್ಡದಾಯ್ತಾ?" ಶಕುಂತಲೆಯ ಗುಡುಗು ನಮ್ಮ ಮಣ್ಣಗುಡ್ಡದ ಅರ್ಧ ಬೀದಿಗೆ ಕೇಳಿಸಿತು. "ಅಮ್ಮನ ದೀಪ ತಂದ ಮೇಲೆ ನನ್ನ ಹತ್ರ ಮಾತಾಡಿ!"

ತಪ್ಪು ನನ್ನದು, ಸಿಟ್ಟು ಮಾತ್ರ ಅವಳ ಮೇಲೆ ಬಂತು. "ನಾನೇ ಮುಳುಗಿ ತರ್ತೇನೆ!" ಎಂದು ಘೋಷಿಸಿದೆ. ಹೊಳೆಯಲ್ಲಿ ಈಜಿ ಬೆಳೆದವನಿಗೆ ಸಮುದ್ರ ಯಾವ ಲೆಕ್ಕ?

ಡೈವಿಂಗ್ ಕಲಿಸುವ ಬೆಂಗ್ರೆಯ ಇಮ್ರಾನ್ ಮೊದಲೇ ಎಚ್ಚರಿಸಿದ. "ನೋಡಿ ಮಾರಾಯ್ರೆ, ಕೆಳಗೆ ಎಂತದೂ ಮುಟ್ಲಿಕ್ಕಿಲ್ಲ. ಈಗ ಅದು ಮೀನಿನ ಮನೆ."

"ಬೋಟು ನನ್ನದು! ದೀಪ ನನ್ನ ಅತ್ತೆಯದ್ದು!"

"ಅದನ್ನು ಮೀನಿಗೆ ಹೇಳಿ."

ರಬ್ಬರ್ ಉಡುಪಿನೊಳಗೆ ನನ್ನ ಹೊಟ್ಟೆ ತುರುಕಲು ಇಬ್ಬರು ಬೇಕಾದರು. ಇಳಿದೆವು. ನಾನು ಬಿಗಿದಲ್ಲೇ ದೀಪ! ಪಕ್ಕದಲ್ಲಿ ಒಂದು ದಢೂತಿ ಮುರು ಮೀನು, ಮನೆ ಯಜಮಾನನಂತೆ ನನ್ನನ್ನೇ ದಿಟ್ಟಿಸುತ್ತಿತ್ತು. ಕೈ ಚಾಚಿದೆ. ಇಮ್ರಾನ್ ಹಿಡಿದ. ಮತ್ತೆ ಚಾಚಿದೆ. ಮತ್ತೆ ಹಿಡಿದ. ಪಿತ್ತ ನೆತ್ತಿಗೇರಿತು. "ಬಿಡು ಮಾರಾಯ!" ಎಂದು ಬೊಬ್ಬೆ ಹೊಡೆದೆ.

ನೀರಿನಡಿ ಬೊಬ್ಬೆ ಹೊಡೆಯಬಾರದು. ಗಾಳಿಕೊಳವೆ ಬಾಯಿಂದ ಹೊರಗೆ, ಸಮುದ್ರ ಒಳಗೆ! ಇಮ್ರಾನ್ ಕೊಳವೆಯನ್ನು ಮತ್ತೆ ಬಾಯಿಗೆ ತುರುಕಿ ನನ್ನನ್ನು ಮೇಲಕ್ಕೆ ತಂದ.

ದಡದಲ್ಲಿ ಕಾಯುತ್ತಿದ್ದ ಶಕುಂತಲೆ ನನ್ನ ಬರಿಗೈ ನೋಡಿದಳು. ಇಮ್ರಾನ್ ತಾನು ಕೆಳಗೆ ತೆಗೆದ ವೀಡಿಯೋ ತೋರಿಸಿದ. ಹಸಿರು ಬೆಳಕಿನಲ್ಲಿ ಅಮ್ಮನ ದೀಪ ನೆಟ್ಟಗೆ ನಿಂತಿತ್ತು, ಸುತ್ತ ಮರಿಮೀನುಗಳು. ಮೂರು ಸಲ ನೋಡಿದಳು. ಅವಳ ಕಣ್ಣು ತುಂಬಿತು.

"ಚಂದ ಉಂಟು. ದೀಪ ಅಲ್ಲೇ ಇರಲಿ," ಎಂದಳು.

ಬದುಕಿದೆ ಎಂದುಕೊಂಡೆ.

ಅವಳು ನನ್ನತ್ತ ತಿರುಗಿದಳು. "ನೀವು ಎಂತಕ್ಕೆ ಮೇಲೆ ಬಂದದ್ದು?"

ಉತ್ತರ ಕೊಡಲು ಬಾಯಿ ತೆರೆದೆ. ಉಪ್ಪುನೀರು ಮಾತ್ರ ಬಂತು!