ಮುಂದೆ ಹೋಗುವ ಗಾಡಿಗೆ ಹಿಂದಿನ ಬಾಗಿಲು

ಸೈನ್ಯದಲ್ಲಿ ನಗಬೇಕಾದರೆ ಮೇಲಿನವರ ಅಪ್ಪಣೆ ಬೇಕು. ನಗು ಬರುವಂಥ ಕೆಲಸ ಮಾಡುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ, ಅದರಲ್ಲೂ ಮೇಲಿನವರಿಗೆ. ಹಾಗಾಗಿ ನಾನು ಗಸ್ತು ಗಾಡಿಯ ಡ್ರೈವರ್ ಆಗಿದ್ದಷ್ಟು ಕಾಲವೂ ಇಂಥವು ನಡೆಯುತ್ತಲೇ ಇದ್ದವು.

ಗಸ್ತು ಗಾಡಿ ಅಂದರೆ ಮೈತುಂಬ ಉಕ್ಕಿನ ತಗಡು ಹೊದ್ದು, ತಲೆಯ ಮೇಲೊಂದು ದೊಡ್ಡ ಬಂದೂಕು ಹೊತ್ತ ವಾಹನ. ದಂಡು ಹೊರಡುವ ಮೊದಲು ಇದು ಮುಂದೆ ಹೋಗಿ ಶತ್ರು ಎಲ್ಲಿದ್ದಾನೆ ಎಂದು ನೋಡಿಕೊಂಡು ಬರಬೇಕು. ಎಲ್ಲಿದ್ದಾನೆ ಎಂದು ಹೇಗೆ ಗೊತ್ತಾಗುತ್ತದೆ? ಅವನು ನಮಗೆ ಹೊಡೆದಾಗ ಗೊತ್ತಾಗುತ್ತದೆ. ಹೊಡೆಸಿಕೊಂಡ ಮೇಲೂ ಉಳಿದಿದ್ದರೆ ಬಂದು ವರದಿ ಕೊಡುವುದು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹೊಸ ಗಸ್ತು ಗಾಡಿ ಆರಿಸಬೇಕೆಂದು ಎರಡು ಮಾದರಿ ತರಿಸಿದರು. ಒಂದು ದೊಡ್ಡದು, ಸರಪಳಿಯ ಮೇಲೆ ಉರುಳುವುದು. ನಾವು ಚೈನ್ ಗಾಡಿ ಅನ್ನುತ್ತಿದ್ದೆವು. ಅದರ ಡ್ರೈವರ್ ಒಳಗೆ ಹೋಗುವುದೂ ಹೊರಗೆ ಬರುವುದೂ ನೆತ್ತಿಯ ಮೇಲಿನ ಒಂದು ಮುಚ್ಚಳದಿಂದ. ಇನ್ನೊಂದು ಚಿಕ್ಕದು, ನಾಲ್ಕು ಚಕ್ರದ್ದು. ಅದಕ್ಕೆ ಹಿಂದೆ ಒಂದು ಬಾಗಿಲಿತ್ತು.

ಪರೀಕ್ಷೆಯ ಯಜಮಾನಿಕೆ ವಹಿಸಿಕೊಂಡಿದ್ದ ಮೇಜರ್ ಸಾಹೇಬರಿಗೆ ಚೈನ್ ಗಾಡಿಯ ಮೇಲೆ ಪ್ರಾಣ. ಚಿಕ್ಕದರ ಬಾಗಿಲನ್ನು ಅವರು ‘ಹೇಡಿಗಳ ಬಾಗಿಲು’ ಎಂದು ಕರೆಯುತ್ತಿದ್ದರು. ಅವರು ಹಾಗನ್ನಬಹುದು. ಅವರು ಓಡಾಡುತ್ತಿದ್ದುದು ಜೀಪಿನಲ್ಲಿ, ಜೀಪಿಗೆ ಬಾಗಿಲೇ ಇರಲಿಲ್ಲ. ಆರಿಸಿದ ಗಾಡಿಯಲ್ಲಿ ಕೂತು ಗಡಿಗೆ ಹೋಗಬೇಕಾದವನು ನಾನು, ಬೆಂಕಿ ಹತ್ತಿದರೆ ಜೀವ ಹಿಡಿದುಕೊಂಡು ಹೊರಗೆ ಹಾರಬೇಕಾದವನೂ ನಾನೇ. ನನಗೆ ಆ ಬಾಗಿಲು ಬೇಕಿತ್ತು. ಆದರೆ ಗಾಡಿ ಆರಿಸುವಾಗ ಡ್ರೈವರನ್ನು ಕೇಳುವ ಪದ್ಧತಿ ಯಾವ ದೇಶದ ಸೈನ್ಯದಲ್ಲಿದೆ?

೧. ನಯಾ ಶಹರ್

ಮರಳುಗಾಡಿನಲ್ಲಿ ಓಡಿಸಿ ಆಗಿತ್ತು, ಹಿಮದಲ್ಲಿ ಓಡಿಸಿ ಆಗಿತ್ತು. ಮಳೆ, ಕೆಸರು, ಕಾಡು ಮೂರೂ ಒಂದೇ ಕಡೆ ಸಿಗುವ ಜಾಗ ಬೇಕೆಂದು ದೆಹಲಿಯಲ್ಲಿ ಯಾರೋ ನಕ್ಷೆಯ ಮೇಲೆ ಬೆರಳಿಟ್ಟರು. ಬೆರಳು ನೇರವಾಗಿ ನಮ್ಮೂರ ಕಡೆಗೇ ಬಂತು. ಕನ್ನಡ ಬರುವವನು ನಾನೊಬ್ಬನೇ ಆದ್ದರಿಂದ ಡ್ರೈವರ್ ಕೆಲಸದ ಜೊತೆಗೆ ದುಭಾಷಿ ಕೆಲಸವೂ ನನ್ನ ಕೊರಳಿಗೆ ಬಿತ್ತು.

ಸಾಗರದ ಹೊರಗೆ ಡೇರೆ ಹಾಕಿದೆವು. ಮೊದಲ ಓಡಾಟ ಹೊಸನಗರಕ್ಕೆ. ಹೆಸರಿನ ಅರ್ಥವೇನು ಎಂದು ಮೇಜರ್ ಸಾಹೇಬರು ಕೇಳಿದರು. “ನಯಾ ಶಹರ್, ಸರ್,” ಅಂದೆ. ಅವರ ಮುಖ ಅರಳಿತು. ಸಂಜೆಗೆ ಇರಲಿ ಎಂದು ಇಸ್ತ್ರಿ ಮಾಡಿದ ಕೋಟು, ಟೆನಿಸ್ ಬ್ಯಾಟು ಎಲ್ಲ ಜೀಪಿಗೆ ಹಾಕಿಸಿದರು. ಆ ದಿನ ಅವರ ಜೀಪು ಓಡಿಸುವ ಪಾಳಿಯೂ ನನ್ನದೇ.

ಮಳೆ ಸುರಿಯುತ್ತಿತ್ತು. ಒಂದು ಬಸ್ ಸ್ಟ್ಯಾಂಡು, ನಾಲ್ಕಾರು ಅಂಗಡಿ, ಕೊಡೆ ಹಿಡಿದು ನಿಂತ ಒಬ್ಬ ಪೋಸ್ಟ್‌ಮ್ಯಾನ್, ಅವನ ಕೊಡೆಯೊಳಗೆ ನಿಂತ ಒಂದು ನಾಯಿ. ದಾಟಿ ಮುಂದೆ ಹೋದೆವು. ಮತ್ತೆ ಕಾಡು ಶುರುವಾಯಿತು. ಬಹಳ ದೂರ ಬಂದ ಮೇಲೆ ಸಾಹೇಬರು ನನ್ನ ಭುಜ ತಟ್ಟಿ, “ನಿನ್ನ ನಯಾ ಶಹರ್ ಇನ್ನೂ ಎಷ್ಟು ದೂರ?” ಅಂದರು.

“ಆಗಲೇ ಆಯ್ತಲ್ಲ, ಸರ್,” ಅಂದೆ. “ತಾವು ಸೀನಿದಿರಿ ನೋಡಿ, ಆಗ.”

೨. ಒಳಗೆ ಜಾಗ ಇದೆ

ಸೈನಿಕರು ಗಾಡಿಗೆ ಎಷ್ಟು ಬೇಗ ಹತ್ತುತ್ತಾರೆ ಎನ್ನುವುದೂ ಒಂದು ಪರೀಕ್ಷೆ. ರಸ್ತೆಯಲ್ಲಿ ಚಿಕ್ಕ ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದಿಟ್ಟು, ಜವಾನರಿಗಾಗಿ ಕಾಯುತ್ತಿದ್ದೆವು. ಸಾಹೇಬರು ಒಳಗೆ ಕೂತು ಗಡಿಯಾರ ಹಿಡಿದಿದ್ದರು. ಜವಾನರು ರಸ್ತೆ ಪಕ್ಕದ ಕಡಿದಾದ ಧರೆಯ ಮೇಲಿನಿಂದ ಇಳಿದು ಬರಬೇಕಿತ್ತು, ಜಾರುತ್ತಿತ್ತು, ತಡವಾಯಿತು.

ಅಷ್ಟರಲ್ಲಿ ಹಿಂದಿನ ತಿರುವಿನಲ್ಲಿ ಕೆಟ್ಟು ನಿಂತಿದ್ದ ತೀರ್ಥಹಳ್ಳಿ ಬಸ್ಸಿನವರು ನಮ್ಮನ್ನು ನೋಡಿಬಿಟ್ಟರು. ಬಾಗಿಲು ತೆಗೆದು ನಿಂತ ಗಾಡಿಯನ್ನು ಹಾಗೇ ಬಿಟ್ಟು ಹೋಗುವ ಜನ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಹಲಸಿನ ಹಣ್ಣು, ಟ್ರಂಕು, ಬಾಣಂತಿ, ಬಾಣಂತಿಯ ತಾಯಿ, ಎಲ್ಲ ಒಳಗೆ ಬಂದವು. ನಾನು ತಿರುಗಿ ನೋಡುವಷ್ಟರಲ್ಲಿ ಬಾಗಿಲು ತುಂಬಿತ್ತು. ಸಾಹೇಬರು ಗಡಿಯಾರ ನೋಡಿ, ಕಿವಿಗಿಟ್ಟು, ಮತ್ತೆ ನೋಡಿದರು. ಅಷ್ಟು ಬೇಗ ಹತ್ತಿದ ಪಡೆಯನ್ನು ಅವರು ಯಾವ ಯುದ್ಧದಲ್ಲೂ ಕಂಡಿರಲಿಲ್ಲ.

ಕೊನೆಗೆ ಬಂದ ಕಂಡಕ್ಟರ್ ಒಂದು ಕಾಲು ಒಳಗಿಟ್ಟು, ಹೊರಗೆ ನೇತಾಡುತ್ತ, ಅಭ್ಯಾಸಬಲದಿಂದ ಸೀಟಿ ಊದಿ “ರೈಟ್!” ಅಂದ. ನಾನೂ ಅಭ್ಯಾಸಬಲದಿಂದ ಗೇರ್ ಹಾಕಿಬಿಟ್ಟೆ. ಗಾಡಿ ಹೊರಟಿತು. “ರೋಕೋ!” ಎಂದು ಸಾಹೇಬರು ಕೂಗುತ್ತಲೇ ಇದ್ದರು. ಕಂಡಕ್ಟರ್ ಅವರ ಬೆನ್ನಿಗೆ ಕೈಕೊಟ್ಟು ಸಮಾಧಾನವಾಗಿ ಹೇಳಿದ:

“ಕೂಗ್ಬ್ಯಾಡಿ ಸಾರ್, ಒಂಚೂರು ಮುಂದೆ ಹೋಗಿ. ಒಳಗೆ ಇನ್ನೂ ಬೇಕಾದಷ್ಟು ಜಾಗ ಇದೆ.”

೩. ಸಂಕ

ಹುಂಚದ ಕಡೆ ಅಣಕು ಯುದ್ಧ ಇಟ್ಟಿದ್ದರು. ಮುಂದೆ ಚೈನ್ ಗಾಡಿ, ಅದರ ಮೇಲೆ ಸಾಹೇಬರು ಅರ್ಧ ಮೈ ಹೊರಹಾಕಿ ನಿಂತಿದ್ದರು. ಹಿಂದೆ ಚಿಕ್ಕ ಗಾಡಿಯಲ್ಲಿ ನಾನು. ಎಲ್ಲಿಂದಲಾದರೂ ಶತ್ರುವಿನ ಟ್ಯಾಂಕು ಬರಬಹುದು, ಕಂಡ ತಕ್ಷಣ ರಸ್ತೆ ಬಿಟ್ಟು ಅಡಗಬೇಕು ಎನ್ನುವುದು ಆಟದ ನಿಯಮ.

ಗದ್ದೆ ಅಂಚಿನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡ ಒಬ್ಬ ಗೌಡರು ನಿಂತಿದ್ದರು. ಮುಂದೆ ಹಳ್ಳಕ್ಕೆ ಇದ್ದದ್ದು ಸೇತುವೆಯಲ್ಲ, ಬರೀ ಸಂಕ, ಅಂದರೆ ಎರಡು ಮರದ ದಿಮ್ಮಿ ಜೋಡಿಸಿ ಕಟ್ಟಿದ ಕಾಲುದಾರಿ. ಉಕ್ಕಿನ ಬೆಟ್ಟದಂಥದ್ದು ಅದರ ಕಡೆಗೇ ಹೋಗುವುದನ್ನು ಕಂಡು ಅವರು ಕೈಯೆತ್ತಿ ಕೂಗಿದರು: “ಅಯ್ಯಾ, ಸಂಕ! ಮುಂದೆ ಸಂಕ! ಸಂಕ!”

ಎಂಜಿನ್ ಸದ್ದಿನಲ್ಲಿ ಸಾಹೇಬರಿಗೆ ಕೇಳಿಸಿದ್ದು “ಟ್ಯಾಂಕ್! ಟ್ಯಾಂಕ್!”

“ಎಡಕ್ಕೆ!” ಎಂದರು. ಚೈನ್ ಗಾಡಿ ಎಡಕ್ಕೆ ಹಾರಿ, ಗದ್ದೆಯಲ್ಲಿ ಗರಗರ ತಿರುಗಿ, ಹೊಟ್ಟೆಯವರೆಗೆ ಹೂತು ನಿಂತಿತು. ಸಾಹೇಬರು ಗದ್ದೆಗೆ ಹಾರಿದರು. ಅವರ ಸೊಂಟದಿಂದ ಕೆಳಗೆ ಕಾಣಿಸಲಿಲ್ಲ. ನಾನು ನಕ್ಕೆ. ಆಮೇಲೆ ಅದರ ಡ್ರೈವರ್ ಎಲ್ಲಿ ಎಂದು ನೋಡಿದೆ. ಬಂದೂಕಿನ ನಳಿಗೆ ತಿರುಗಿ ಅವನ ಮುಚ್ಚಳದ ಮೇಲೇ ಬಂದು ನಿಂತಿತ್ತು. ಮುಚ್ಚಳ ತೆರೆಯುವಂತಿರಲಿಲ್ಲ. ಒಳಗೆ ಕೆಸರುನೀರು ಜಿನುಗುತ್ತಿತ್ತು. ಸಂದಿಯಿಂದ ಅವನ ಬೆರಳುಗಳು ಮಾತ್ರ ಹೊರಗೆ ಬಂದು ಬೀಡಿ ಕೇಳುತ್ತಿದ್ದವು. ನನ್ನ ನಗು ಅಲ್ಲೇ ನಿಂತಿತು. ಗಡಿಯಲ್ಲಾಗಿದ್ದರೆ ಆ ಬೆರಳು ನನ್ನದಾಗಿರುತ್ತಿತ್ತು. ನಿಜವಾಗಿ ಹೆದರಿಕೆಯಾಯಿತು.

ಊರವರೆಲ್ಲ ಹಗ್ಗ ಹಿಡಿದು ಎಳೆದು, ನಳಿಗೆಯನ್ನು ಹೆಗಲುಕೊಟ್ಟು ಪಕ್ಕಕ್ಕೆ ನೂಕಿ, ಅವನನ್ನು ಹೊರಗೆ ತೆಗೆಯುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಸಾಹೇಬರು ಗದ್ದೆ ಹಾಳಾದದ್ದಕ್ಕೆ ಕ್ಷಮೆ ಕೇಳು ಎಂದರು. ಕೇಳಿದೆ. ಗೌಡರು ಚೈನು ಉತ್ತ ಜಾಗವನ್ನು ಕಾಲಿನಲ್ಲಿ ಒತ್ತಿ ನೋಡಿದರು.

“ಅದೆಲ್ಲ ಇರ್ಲಿ ಮಾರಾಯ. ಹೂಟಿ ಲಾಯ್ಕಾಗ್ಯದೆ. ಆ ಮೂಲೆ ಗದ್ದೇಲೂ ಒಂದ್ ಸುತ್ತು ಹೊಡ್ಸಿ ಕೊಡ್ತಾರಾ ಕೇಳು.”

೪. ಪ್ರದೇಶ ಸಮಾಚಾರ ಆದ ಮೇಲೆ

ಪರೀಕ್ಷೆಯ ಸಂಗತಿ ಪರಮ ಗುಟ್ಟು. ಹೆಂಡತಿಗೆ ಬರೆಯುವ ಕಾಗದದಲ್ಲೂ ಮಳೆಯ ವಿಷಯ ಬಿಟ್ಟು ಬೇರೇನೂ ಬರೆಯಕೂಡದೆಂದು ಹುಕುಂ ಆಗಿತ್ತು. ಹೀಗಿರುವಾಗ ತೀರ್ಥಹಳ್ಳಿಯ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆವು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಹೋಟೆಲಿನ ಭಟ್ಟರು ನನ್ನನ್ನು ಕೇಳಿದರು: “ಚೈನಿಂದು ಇವತ್ತೂ ಬರ್ಲಿಲ್ವಾ? ಕ್ಲಚ್ ಸುಟ್ಟು ಹೋಯ್ತಂತೆ?”

ನಾನು ಅನುವಾದ ಮಾಡುವ ಮೊದಲೇ ‘ಕ್ಲಚ್’ ಎನ್ನುವ ಮಾತು ಸಾಹೇಬರ ಕಿವಿಗೆ ಬಿತ್ತು. ಎದ್ದು ನಿಂತರು. ಯಾರು ಹೇಳಿದ್ದು, ಗೂಢಚಾರ ಯಾರು, ಈಗಲೇ ಕೇಳು! ಭಟ್ಟರು ಹೆದರಲೂ ಇಲ್ಲ, ತಡವರಿಸಲೂ ಇಲ್ಲ. ಗೂಡಿನಲ್ಲಿದ್ದ ಹಳೇ ರೇಡಿಯೋ ಕಡೆ ಕೈ ತೋರಿಸಿದರು. ಸಾಹೇಬರಿಗೆ ವೈರ್‌ಲೆಸ್ಸಿನ ಮೈಕಿನ ಗುಂಡಿ ಒತ್ತಿ ಹಿಡಿದರೆ ಬಿಡುವ ಅಭ್ಯಾಸವೇ ಇರಲಿಲ್ಲ. ಅವರ ಕೂಗಾಟವೆಲ್ಲ ಆ ರೇಡಿಯೋದೊಳಗೆ ನುಗ್ಗಿ ದಿನಾ ಸಂಜೆ ಈ ಹೋಟೆಲಿನಲ್ಲಿ ಬಿತ್ತರವಾಗುತ್ತಿತ್ತು. ಕೇಳುವುದಕ್ಕೆಂದೇ ಬರುವ ಗಿರಾಕಿಗಳಿದ್ದರು.

“ಸಾಹೇಬ್ರಿಗೆ ಒಂದು ಮಾತು ಹೇಳಪ್ಪ,” ಅಂದರು ಭಟ್ಟರು. “ಪ್ರದೇಶ ಸಮಾಚಾರ ಆದ್ಮೇಲೆ ಎಷ್ಟು ಬೇಕಾದ್ರೂ ಬೈಲಿ. ಚಿತ್ರಗೀತೆ ಹೊತ್ತಲ್ಲಿ ಬ್ಯಾಡ.”

೫. ಚೌಡಮ್ಮ

ಇಷ್ಟಾದರೂ ಸಾಹೇಬರ ಮನಸ್ಸು ಚೈನ್ ಗಾಡಿಯಲ್ಲೇ ಇತ್ತು. ಕೊನೆಯ ತೀರ್ಮಾನಕ್ಕೆ ದೆಹಲಿಯಿಂದ ಬ್ರಿಗೇಡಿಯರ್ ಬಂದರು. ತೀರ್ಥಹಳ್ಳಿ ಹತ್ತಿರದ ಒಂದು ಗುಡ್ಡದ ಮೇಲೆ ಅವರು ದುರ್ಬೀನು ಹಿಡಿದು ಕೂರುವುದು, ಎದುರು ಗುಡ್ಡದಲ್ಲಿ ಎರಡೂ ಗಾಡಿ ಅಡಗುವುದು, ಆಟ ಮುಗಿಯಿತೆಂದು ಹಸಿರು ಬೆಳಕಿನ ಬಾಣ ಹಾರಿಸುವವರೆಗೆ ಯಾವುದು ಕಣ್ಣಿಗೆ ಬೀಳುವುದಿಲ್ಲವೋ ಅದೇ ಗೆದ್ದಂತೆ. ಅಲ್ಲಾಡಕೂಡದು, ಸದ್ದು ಮಾಡಕೂಡದು. ಗನ್ನರನ್ನೂ ಇಳಿಸಿಬಿಟ್ಟರು. ನಾನೊಬ್ಬನೇ.

ಮಳೆ ಬಿಟ್ಟು ಹೊಳವಾಗಿತ್ತು. ಹತ್ತಿರದ ಒಂದು ಬ್ಯಾಣದಲ್ಲಿ, ಅಂದರೆ ಊರವರು ಹುಲ್ಲು ಸೊಪ್ಪಿಗೆಂದು ಬಿಟ್ಟುಕೊಂಡ ಜಾಗದಲ್ಲಿ, ಸೊಪ್ಪು ಕಡಿದು, ಗಾಡಿಯ ಒಂದಿಂಚೂ ಕಾಣದಂತೆ ಹೊದೆಸಿ, ಮುಖಕ್ಕೆ ಮಸಿ ಬಳಿದುಕೊಂಡು, ಒಳಗೆ ಕೂತೆ. ಸಾಹೇಬರು ಎಂದಿನಂತೆ ಗುಂಡಿ ಬಿಟ್ಟಿರಲಿಲ್ಲ, ಹೆಲ್ಮೆಟ್ಟಿನ ಕಿವಿಯಲ್ಲಿ ಆ ಗುಡ್ಡದ ಮಾತೆಲ್ಲ ಕೇಳುತ್ತಿತ್ತು. ಚೈನ್ ಗಾಡಿಯನ್ನು ಬ್ರಿಗೇಡಿಯರ್ ಕೂತ ಕೂಡಲೇ ಹಿಡಿದರು. ಅದರ ಸುತ್ತ ದನ ಕಾಯುವವರು ಸಾಲಾಗಿ ಕೂತು ಎಲೆಅಡಿಕೆ ಹಾಕುತ್ತಿದ್ದರಂತೆ. ಇನ್ನು ನಾನು ಉಳಿದುಕೊಂಡರೆ ಸಾಕು, ಬಾಗಿಲು ನನ್ನದು.

ಆಗ ಹೆಜ್ಜೆ ಸಪ್ಪಳ ಕೇಳಿಸಿತು. ಕತ್ತಿ, ಹಗ್ಗ ಹಿಡಿದ ಇಬ್ಬರು ಹೆಂಗಸರು, ಅತ್ತೆ ಸೊಸೆ. ಕೊಟ್ಟಿಗೆಗೆ ಸೊಪ್ಪು ತರಲು ಬಂದವರು.

“ಅತ್ತೇ, ಯಾರೋ ಸೊಪ್ಪು ಕಡ್ದು ರಾಶಿ ಹಾಕ್ಯಾರೆ ನೋಡಿ.”

“ಯಾರಾದ್ರೇನೆ? ನಮ್ಮ ಬ್ಯಾಣದಾಗೆ ಕಡ್ದಿದ್ದು ನಮ್ದೇ. ಹೊರೆ ಕಟ್ಟು.”

ನ್ಯಾಯವಾದ ಮಾತೇ. ಸರಸರ ಎಳೆಯತೊಡಗಿದರು. ಒಂದು ಮಗ್ಗುಲು ತೆಳ್ಳಗಾಗಿ ನನ್ನ ಕಿಂಡಿಗೆ ಬೆಳಕು ಬಂತು. ಇನ್ನೊಂದು ಹೊರೆ ಹೋದರೆ ಉಕ್ಕು ಹೊಳೆಯುತ್ತದೆ, ನಾನು ಜೀವಮಾನವಿಡೀ ಮುಚ್ಚಳದ ಕೆಳಗೆ ಕೂರಬೇಕಾಗುತ್ತದೆ. ಕಿಂಡಿಗೆ ಬಾಯಿಟ್ಟು, ಉಸಿರಿನಷ್ಟೇ ಮೆಲ್ಲಗೆ ಹೇಳಿದೆ: “ಸೊಪ್ಪು ಮುಟ್ಟಬ್ಯಾಡಿ.”

ಕತ್ತಿ ಕೆಳಗೆ ಬಿದ್ದ ಸದ್ದಾಯಿತು.

“ಚೌಡಮ್ಮ ಕಣೇ!” ಅಂದಳು ಅತ್ತೆ. “ಇಲ್ಲೆಲ್ಲೋ ಅಮ್ಮನ ಬನ ಇತ್ತು ಅಂತ ನಮ್ಮತ್ತೆ ಹೇಳೋರು.”

“ಗಂಡಸ್ರ ದನಿ ಕಣತ್ತೆ?”

“ಮಳೆಗಾಲ ಅಲ್ವೇನೆ? ಗಂಟ್ಲು ಕಟ್ಟಿರತ್ತೆ.”

ಎಳೆದ ಸೊಪ್ಪನ್ನೆಲ್ಲ ವಾಪಸು ಹೊದೆಸಿದರು. ತಪ್ಪುಕಾಣಿಕೆಯಾಗಿ ಇನ್ನೊಂದಿಷ್ಟು ಕಡಿದು ಮೇಲೆ ಹಾಕಿದರು. ನಾನು ಮೊದಲಿಗಿಂತ ಚೆನ್ನಾಗಿ ಅಡಗಿದಂತಾಯಿತು. ಅವರು ಓಡಿ ಹೋದರು, ಪೀಡೆ ಹೋಯಿತು ಅಂದುಕೊಂಡೆ. ಊರನ್ನೇ ಕರೆದುಕೊಂಡು ಬಂದರು. ಕಾಯಿ ಒಡೆದರು, ಕುಂಕುಮ ಎರಚಿದರು, ಒಬ್ಬ ಜಾಗಟೆ ಬಡಿದ.

ಕಿವಿಯಲ್ಲಿ ಬ್ರಿಗೇಡಿಯರ್ ದನಿ: “ಅಲ್ಲೇನು ನಡೀತಿದೆ?” ಮೇಜರ್ ಸಾಹೇಬರು ನೋಡಿ, ಪೂರ್ತಿ ನಂಬಿಕೆಯಿಂದ ಹೇಳಿದರು: “ಊರಿನ ದೇವಸ್ಥಾನ, ಸರ್.” “ಹಾಗಾದರೆ ಆ ಕಡೆ ದುರ್ಬೀನು ಬೇಡ. ಜನ ಬೇಸರ ಮಾಡಿಕೊಂಡಾರು.”

ಅಷ್ಟರಲ್ಲಿ ಅತ್ತೆಯಮ್ಮ ಅಂಗೈಯಗಲದ ಕರ್ಪೂರ ಹಚ್ಚಿ, ಸರಿಯಾಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಪಕ್ಕಕ್ಕೇ ಇಟ್ಟಳು. ವಾಸನೆ ನನ್ನ ಮೂಗಿಗೆ ಬಂತು. “ಬೆಂಕಿ ಬ್ಯಾಡಾ!” ಅಂದೆ. “ಅಮ್ಮನಿಗೆ ಕರ್ಪೂರ ಆಗ್ದಂತೆ, ದೀವಟಿಗೆ ತನ್ನಿ!” ಎಂದು ಯಾರೋ ಅರ್ಥ ಮಾಡಿಸಿದರು. ಇನ್ನು ಕೂತಿದ್ದರೆ ಆಗುತ್ತಿರಲಿಲ್ಲ. ಹೆಲ್ಮೆಟ್ಟಿನ ತಂತಿ ಕಿತ್ತು, ಹಿಂದಿನ ಬಾಗಿಲು ಒದ್ದು, ಸೊಪ್ಪಿನೊಳಗಿಂದ ತೆವಳಿ ಹೊರಗೆ ಬಂದು, ಕರ್ಪೂರವನ್ನು ಕೈಯಲ್ಲೇ ಬಡಿದು ಆರಿಸಿದೆ. ಮಸಿ ಮುಖದ ನನ್ನನ್ನು ನೋಡಿ ಊರಿಗೆ ಊರೇ ಅಡ್ಡಬಿತ್ತು. ತುಟಿಗೆ ಬೆರಳಿಟ್ಟು, ಆಶೀರ್ವಾದ ಮಾಡಿ, ಬಂದ ದಾರಿಯಲ್ಲೇ ಒಳಗೆ ಹೋದೆ.

ಆ ಗುಡ್ಡದಲ್ಲಿ ಆಗ ನಡೆದದ್ದನ್ನು ಆಮೇಲೆ ವೈರ್‌ಲೆಸ್ಸಿನವನು ಹೇಳಿದ. ಬೇಡವೆಂದಿದ್ದ ದುರ್ಬೀನನ್ನು ಮತ್ತೆ ಎತ್ತಿ ಬ್ರಿಗೇಡಿಯರ್ ಕೇಳಿದರಂತೆ, “ಗುಡಿಯಿಂದ ಒಬ್ಬ ಹೊರಗೆ ಬಂದನಲ್ಲ?”

“ಪೂಜಾರಿ, ಸರ್.”

“ಪೂಜಾರಿ ಹೆಲ್ಮೆಟ್ ಹಾಕಿದ್ದಾನೆ.”

ಮೇಜರ್ ಸಾಹೇಬರಿಗೆ ಅಲ್ಲಿಗೆ ಗೊತ್ತಾಯಿತು. ಆದರೆ ತನ್ನ ಗಾಡಿಯನ್ನೇ ದೇವಸ್ಥಾನ ಅಂದುಕೊಂಡೆ ಎಂದು ದೆಹಲಿಯವರ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಪೂಜಾರಿಗೆ ಹೆಲ್ಮೆಟ್ ಹಾಕಿಸುವುದು ಸುಲಭ. “ಇಲ್ಲಿ ತೆಂಗಿನಕಾಯಿ ಬೀಳ್ತವೆ, ಸರ್,” ಅಂದರಂತೆ.

ಆರಿಸಿದ್ದು ಚಿಕ್ಕ ಗಾಡಿಯನ್ನೇ, ಬಾಗಿಲಿನ ಸಮೇತ. ಮುಂದೆ ಗಡಿಯಲ್ಲಿ ಒಮ್ಮೆ ಆ ಬಾಗಿಲು ನಿಜವಾಗಿಯೂ ಬೇಕಾಯಿತು, ಅದರಿಂದಲೇ ಇವತ್ತು ನಿಮ್ಮೆದುರು ಬಾಯಿ ಬಡಿದುಕೊಳ್ಳುತ್ತಿದ್ದೇನೆ. ಆದರೆ ತೀರ್ಮಾನವಾದ ಆ ಗಳಿಗೆಯೇ ಬೇರೆ. ಹಸಿರು ಬಾಣ ಹಾರಿತು. ತಂತಿ ಮತ್ತೆ ಸಿಕ್ಕಿಸಿ ಎಂಜಿನ್ ಚಾಲೂ ಮಾಡಿದೆ. “ಸಿಟ್ಟಾಗ್ಬ್ಯಾಡ ತಾಯೀ, ಕೋಳಿ ನಾಳೆ ಕೊಡ್ತೀವಿ!” ಎಂದು ಅತ್ತೆಯಮ್ಮ ಕೂಗಿದಳು. ಸೊಪ್ಪು, ಹೂವು, ಕುಂಕುಮ ಹೊತ್ತುಕೊಂಡು, ಹಿಂದೆ ಜಾಗಟೆಯ ಮೆರವಣಿಗೆ ಸಮೇತ, ಗುಡ್ಡ ಇಳಿದು ಅವರ ಕಡೆಗೇ ಹೊರಟೆ. ಹೆಲ್ಮೆಟ್ಟಿನ ಕಿವಿಯಲ್ಲಿ ಬ್ರಿಗೇಡಿಯರ್ ಶಾಂತವಾಗಿ ಅನ್ನುವುದು ಕೇಳಿಸಿತು:

“ಮೇಜರ್, ಎದ್ದು ನಿಂತು ಚಪ್ಪಲಿ ಬಿಡಿ. ನಿಮ್ಮ ದೇವಸ್ಥಾನ ಈ ಕಡೆಗೇ ಬರ್ತಾ ಇದೆ.”