ತಲೆ ಬಾಚದ ಜಪಾನಿ ದೆವ್ವ

ಜಪಾನಿನ ದೆವ್ವವೊಂದು ಸಮುದ್ರ ದಾಟಿ ಯಲಹಂಕಕ್ಕೆ ಬಂದು ಮಾನ ಕಳೆದುಕೊಂಡು ಹೋಯಿತೆಂದರೆ ನೀವು ನಂಬಬೇಕು. ಅದರ ಮಾನ ಕಳೆದವಳು ನಮ್ಮ ದೊಡ್ಡವ್ವ!

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ದೊಡ್ಡಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಗದಗಿನ ಕಡೆಯಿಂದ ಬಂದು ಯಲಹಂಕದಲ್ಲಿ ನೆಲೆಸಿದ್ದಳು. ಆಕೆಗೆ ಇದ್ದದ್ದು ಒಂದೇ ಹುಚ್ಚು. ಕೆದರಿದ ತಲೆ ಕಂಡರೆ ಸಾಕು, ಕೈ ಸುಮ್ಮನಿರುತ್ತಿರಲಿಲ್ಲ. ಚೀಲದಲ್ಲಿ ಬಾಚಣಿಗೆಯೂ ಕೊಬ್ಬರಿ ಎಣ್ಣೆಯ ಶೀಶೆಯೂ ಸದಾ ಸಿದ್ಧ! ಒಮ್ಮೆ ಹೆಬ್ಬಾಳದ ಬಸ್ಸಿನಲ್ಲಿ ಮುಂದಿನ ಸೀಟಿನ ಕಾಲೇಜು ಹುಡುಗಿ ಕೂದಲು ಹಾರಬಿಟ್ಟು ತೂಕಡಿಸುತ್ತಿದ್ದಳು. ಎಚ್ಚರವಾಗುವಷ್ಟರಲ್ಲಿ ಬಿಗಿಯಾದ ಜಡೆ ತಯಾರಾಗಿತ್ತು.

"ಏನ್ ಆಂಟಿ ಇದು? ಸ್ಟೈಲಾಗಿ ಬಿಟ್ಕೊಂಡಿದ್ದೆ ಕಣ್ರೀ!"

"ಸ್ಟೈಲ್ ಅಂತ ಹೇನಿಗೆ ಗೊತ್ತಾಗತೈತೇನವಾ?"

ಬಾಗಲೂರಿನ ಮದುವೆಯೊಂದರಲ್ಲಂತೂ ಮದುಮಗಳ ತುರುಬು ಹಕ್ಕಿಗೂಡಿನಂತಿದೆ ಎಂದು ಪೂರ್ತಿ ಬಿಚ್ಚಿ ಕೂತಳು. "ಇದ್ಯಾಕಮ್ಮಾ ಇಂಗ್ ಮಾಡ್ತೀಯ, ಮೂರ್ತ ಮೀರೋಯ್ತದೆ!" ಎಂದು ಗಂಡಿನ ತಂದೆ ಗೋಳಾಡಿದರೂ ಬಿಡಲಿಲ್ಲ. ಪುರೋಹಿತರು ಪಾಪ, ಮಂತ್ರವನ್ನು ಎಳೆದು ಎಳೆದು ಹೇಳಬೇಕಾಯಿತು.

ಇಷ್ಟೆಲ್ಲ ಮಾಡಿದರೂ ಆಕೆಯ ಕೈಗೆ ಸಿಗದ ತಲೆ ಒಂದಿತ್ತು. ಅದು ಆಕೆಯ ಮನೆಯಲ್ಲೇ ಇದ್ದ ನನ್ನ ತಲೆ. ಜ್ವರದಲ್ಲಿ ಅವ್ವ ತೀರಿಕೊಂಡ ಮೇಲೆ ನನ್ನನ್ನು ಇಲ್ಲಿಗೆ ಕರೆತಂದಿದ್ದರು. ಅವ್ವ ತೀರಿಕೊಂಡ ದಿನ ನಾನು ಬಾಗಿಲಲ್ಲಿ ನಿಂತು ಅವಳನ್ನು ನೋಡಿದ್ದೆ. ಸ್ನಾನ ಮಾಡಿಸಿ ಮಲಗಿಸಿದ್ದರು, ಒದ್ದೆ ಕೂದಲು ಮುಖದ ತುಂಬ ಹರಡಿತ್ತು. ಅಷ್ಟರಲ್ಲಿ ಯಾರೋ ನನ್ನನ್ನು ಪಕ್ಕದ ಮನೆಗೆ ಎಳೆದೊಯ್ದರು. "ಸಣ್ಣ ಕೂಸು ಬಿಟ್ಟು ಹೋದಾಕಿ, ತಿರುಗಿ ಬರದs ಇರ್ತಾಳೇನು?" ಎಂದು ಅಲ್ಲಿನ ಹೆಂಗಸರು ಪಿಸುಗುಟ್ಟಿದ್ದು ಕಿವಿಗೆ ಬಿದ್ದಿತ್ತು. ಅಂದಿನಿಂದ ಯಾರ ಕೈ ಹಿಂದಿನಿಂದ ನನ್ನ ತಲೆ ಮುಟ್ಟಿದರೂ ಕಿರುಚುತ್ತಿದ್ದೆ. ಅವ್ವ ಬರಲೆಂಬ ಆಸೆ, ಬಂದುಬಿಟ್ಟರೆ ಎಂಬ ಭಯ. ಹೆತ್ತವಳಿಗೇ ಹೆದರುತ್ತೇನೆಂದು ಯಾರ ಹತ್ತಿರ ಹೇಳಿಕೊಳ್ಳಲಿ?

ಎಂಬತ್ತರ ದಶಕ ಅದು. ಎದುರು ಮನೆಯವರು ತರಬೇತಿಗೆಂದು ಜಪಾನಿಗೆ ಹೋಗಿ, ಬರುವಾಗ ವಿಸಿಆರ್ ಜೊತೆಗೆ ಅಲ್ಲಿನ ದೆವ್ವದ ಸಿನಿಮಾವೊಂದರ ಕ್ಯಾಸೆಟ್ ತಂದರು. ಭಾನುವಾರ ಮಧ್ಯಾಹ್ನ ಕಿಟಕಿಗೆ ಕಂಬಳಿ ಕಟ್ಟಿ ಬೀದಿಗೆ ಬೀದಿಯೇ ಕೂತಿತು. ಆಹಾ, ಏನು ದೃಶ್ಯಗಳು! ಹಿಮದಲ್ಲಿ ಕೆಂಪು ಕೊಡೆ, ಕಾಗದದ ಬಾಗಿಲ ಹಿಂದೆ ದೀಪ. ಯಾವುದನ್ನು ಕತ್ತರಿಸಿದರೂ ಕ್ಯಾಲೆಂಡರ್‌ಗೆ ಆಗುವಂಥವು. ಆದರೆ ಕಥೆ? ಒಬ್ಬ ಒಂದು ಬಾಗಿಲು ತೆರೆಯುತ್ತಾನೆ, ಮುಚ್ಚುತ್ತಾನೆ, ಇನ್ನೊಂದು ತೆರೆಯುತ್ತಾನೆ. ಅಷ್ಟೇ!

"ಇದೇನ್ ಬಡಗ್ಯಾರ ಸಿನಿಮಾ ಏನೋ ಮಾರಾಯಾ?" ಎಂದರು ದೊಡ್ಡಪ್ಪ.

"ಕ್ಯಾಮೆರಾ ನೋಡಿ ಸಾರ್, ಕ್ಯಾಮೆರಾ! ಕಥೆ ಯಾರಿಗ್ ಬೇಕು?" ಎಂದರು ಎದುರು ಮನೆಯವರು.

ಕೊನೆಯ ಬಾಗಿಲು ತೆರೆಯಿತು. ಬಿಳಿ ಬಟ್ಟೆಯ ಹೆಣ್ಣೊಂದು ಒದ್ದೆ ಕೂದಲಿನಿಂದ ಮುಖ ಮುಚ್ಚಿಕೊಂಡು ತೆವಳುತ್ತಾ ಬಂತು. ಎಲ್ಲರೂ ಕಿರುಚಿದರು. ನಾನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡೆ. ಅವ್ವನೇ ಬಂದಳೆಂದುಕೊಂಡೆ.

ಅಷ್ಟರಲ್ಲಿ ದೊಡ್ಡವ್ವ ಎದ್ದು ನಿಂತಳು. "ಅಯ್ಯ ಶಿವನ! ಜಳಕಾ ಮಾಡಿಸಿ ಹಂಗs ಬಿಟ್ಟಾರ ನೋಡ್ರಿ! ತಲಿ ಬಾಚಾಕ ಮನ್ಯಾಗ ಒಬ್ಬರೂ ಇಲ್ಲೇನು? ಅದಕ್ಕs ಹಿಂಗ ಅಲಿಯಾಕತ್ತೈತಿ, ಪಾಪ!"

ಬಾಚಣಿಗೆ ಆಗಲೇ ಚೀಲದಿಂದ ಹೊರಬಂದಿತ್ತು! ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಅದಾದ ಮೇಲೆ ಆ ದೆವ್ವ ಎಷ್ಟೇ ತೆವಳಿದರೂ ಯಾರೂ ಹೆದರಲಿಲ್ಲ.

ನನಗೆ ಮಾತ್ರ ನಗು ಬರಲಿಲ್ಲ. ದೊಡ್ಡವ್ವನ ಸೆರಗು ಹಿಡಿದು ಕೇಳಿದೆ, "ಅವ್ವನ್ನೂ ಹಂಗs ಬಿಟ್ರೇನು?"

ದೊಡ್ಡವ್ವ ನನ್ನ ಮುಖವನ್ನೇ ನೋಡಿದಳು. ನಾನು ಏಕೆ ತಲೆ ಕೊಡುತ್ತಿರಲಿಲ್ಲ ಎನ್ನುವುದು ಆಗ ಅವಳಿಗೆ ತಿಳಿದಿರಬೇಕು. ಕೆಳಗೆ ಕೂತು ಮೆಲ್ಲಗೆ ಹೇಳಿದಳು.

"ಹುಚ್ಚಿ, ನಾ ಅಲ್ಲೇ ಇದ್ನಲ್ಲ! ನಿನ್ನ ಕರಕೊಂಡು ಹೋದ ಮ್ಯಾಲೆ ನಾನs ಬಾಚಿದ್ನಿ. ಒಂದೂ ಸಿಕ್ಕ ಉಳಿಸಿಲ್ಲ. ಹೆರಳ ಹಾಕಿ, ಮಲ್ಲಿಗಿ ಮುಡಿಸಿ ಕಳಿಸೀನಿ. ನಿಮ್ಮವ್ವ ಯಾಕ ಅಲೀತಾಳ?"

ಆ ಕಥೆಯಿಲ್ಲದ ಸಿನಿಮಾಕ್ಕೆ, ಅದನ್ನು ಹೊತ್ತು ತಂದವರಿಗೆ, ನಮ್ಮ ಹುಚ್ಚು ದೊಡ್ಡವ್ವನಿಗೆ ನಾನು ಇಂದಿಗೂ ಋಣಿ. ನನ್ನ ಅವ್ವನನ್ನು ನನಗೆ ಮರಳಿಸಿದವರು ಅವರು.

ಟಿವಿಯಲ್ಲಿ ದೆವ್ವ ಇನ್ನೂ ತೆವಳುತ್ತಿತ್ತು. ನಾನು ಅದಕ್ಕೆ ಬೆನ್ನು ಮಾಡಿ ಎದ್ದು, ದೊಡ್ಡವ್ವನ ಮುಂದೆ ಕೂತು, ತಲೆ ಕೊಟ್ಟೆ.