ಬೋಟ್ ನೆಕ್‌ನಿಂದ ಪಾಟ್ ನೆಕ್‌ವರೆಗೆ

ಹೊಲಿಗೆ ಅಂಗಡಿ ಇಟ್ಟವರ ಮನೆಯಲ್ಲಿ ನಗುವಂಥ ಸಂಗತಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ; ಅದನ್ನೆಲ್ಲ ಕೂತು ನೆನೆಸಿಕೊಳ್ಳಲು ಪುರುಸೊತ್ತು ಇರುವುದಿಲ್ಲ, ಅಷ್ಟೇ. ಹೋದ ವರ್ಷ ಬಲಗಾಲಿನ ಪಾದದ ಗಂಟು ಮುರಿದುಕೊಂಡಾಗ ನನಗೆ ಪುರುಸೊತ್ತು ಬೇಕಾದಷ್ಟು ಸಿಕ್ಕಿತು.

ಬಾಳಗಡಿಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮಷೀನು ಕಾಲಲ್ಲಿ ತುಳಿಯುವಂಥದ್ದು. ಮೋಟಾರ್ ಹಾಕಿಸು ಎಂದು ಹೇಳದವರಿಲ್ಲ. ಆದರೆ ನಮ್ಮ ಕಡೆಯ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ದೇವರಿಗೂ ಗೊತ್ತಿಲ್ಲ. ಅಲ್ಲದೆ ರೇಷ್ಮೆಯ ಮೇಲೆ ಸೂಜಿ ಎಷ್ಟು ನಿಧಾನಕ್ಕೆ ಹೋಗಬೇಕೆಂದು ನನ್ನ ಪಾದಕ್ಕೆ ಅಭ್ಯಾಸವಾಗಿಬಿಟ್ಟಿದೆ. ಆ ಪಾದವೇ ಮದುವೆ ಸೀಸನ್ನಿನ ಹೊಸ್ತಿಲಲ್ಲಿ ಕೈಕೊಟ್ಟಿತು.

ಮೋಸಂಬಿ

ಮುರಿದದ್ದು ಎನ್.ಆರ್.ಪುರದ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸಿನಿಂದ ಇಳಿಯುವಾಗ. ಆ ಬಸ್ಸಿನ ಡ್ರೈವರ್ ನನ್ನ ಗಂಡ. ನೋಡಲು ಬಂದವರೆಲ್ಲ "ನಿಮ್ಮವರ ಬಸ್ಸಲ್ಲೇನಾ?" ಎಂದು ಕೇಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವರ ದನಿ ಬರುತ್ತಿತ್ತು: "ಬಸ್ ನಿಂತಿತ್ತು."

ಬಂದವರಲ್ಲಿ ಹೆಚ್ಚಿನವರು ನನ್ನ ಗಿರಾಕಿಗಳು. ಮೋಸಂಬಿ ಚೀಲ ಕೈಗಿಟ್ಟು, ಪ್ಲಾಸ್ಟರನ್ನು ಬೆರಳಲ್ಲಿ ಬಡಿದು ನೋಡಿ, ಕಾಲು ಮುರಿದು ಕೊನೆಗೂ ಸರಿಯಾಗದ ತಮ್ಮ ನೆಂಟರೊಬ್ಬರ ಕಥೆ ಹೇಳಿ, ಕಾಫಿ ಕುಡಿದು ಹೊರಡುತ್ತಿದ್ದರು. ಬಾಗಿಲ ಹತ್ತಿರ ಹೋಗಿ ತಿರುಗಿ ನೋಡುತ್ತಿದ್ದರು. "ಅಂದ ಹಾಗೆ ಅಕ್ಕಾ, ನನ್ನ ಅಳತೆ ಬ್ಲೌಸ್ ಇಲ್ಲೇ ಉಳ್ದಿತ್ತಲ್ಲ?"

ಮೈಗೆ ಸರಿಯಾಗಿ ಕೂರುವ ಬ್ಲೌಸ್ ಒಂದನ್ನು ಹೆಂಗಸರು ಟೈಲರ್ ಹತ್ತಿರ ಅಳತೆಗೆಂದು ಬಿಟ್ಟಿರುತ್ತಾರೆ. ಅದನ್ನು ವಾಪಸ್ ಕೇಳಿದರು ಎಂದರೆ ಟೈಲರ್ ಬದಲಾದಳು ಎಂದೇ ಅರ್ಥ. ಕೊಪ್ಪ ಪೇಟೆಯಲ್ಲಿ ಆಗಷ್ಟೇ ಹೊಸ ಬೊಟಿಕ್ ತೆರೆದಿತ್ತು. ನನ್ನ ಕಪಾಟು ಖಾಲಿಯಾಗುತ್ತ ಬಂತು, ಅಡುಗೆಮನೆ ಮೋಸಂಬಿಯಿಂದ ತುಂಬುತ್ತ ಬಂತು. ಕಾಲಿನ ನೋವಿಗಿಂತ ಇದೇ ನನಗೆ ಹೆಚ್ಚು ನೋಯುತ್ತಿತ್ತು.

ಮೋಸಂಬಿ ತಂದವರೇ ಬ್ಲೌಸ್ ಒಯ್ಯುವುದನ್ನು ಮೊದಲು ಗಮನಿಸಿದ್ದು ನಮ್ಮ ಅತ್ತೆ. "ಇನ್ಮೇಲೆ ಮೋಸಂಬಿ ತಂದವ್ರನ್ನ ಒಳಗೆ ಬಿಡೂದು ಬೇಡ ಮಾರಾಯ್ತಿ," ಎಂದರು. "ಬಾಳೆಹಣ್ಣು ತಂದವ್ರು ಬರ್ಲಿ, ಅಡ್ಡಿಲ್ಲ."

ದೊಡ್ಡಪ್ಪ ಹೇಳದೇ ಹೋದದ್ದು

ಪ್ಲಾಸ್ಟರ್ ಬಿಚ್ಚಿದ ಮೇಲೆ ಮೊದಲು ಅಲುಗಾಡಿದ್ದು ಕಿರುಬೆರಳು. ಆ ಹೊತ್ತಿಗೆ ಸರಿಯಾಗಿ ಶೃಂಗೇರಿಯಿಂದ ನಮ್ಮವರ ದೊಡ್ಡಪ್ಪ ಬಂದರು. ನಾನು ಸಂಭ್ರಮದಿಂದ ಬೆರಳು ಆಡಿಸಿ ತೋರಿಸಿದೆ. ಅವರು ಕೂತು ನೋಡಿದರು. ಮಾತಿಲ್ಲ. ಅತ್ತೆ ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಎದ್ದು, ನನ್ನ ಪಾದವನ್ನು ಇನ್ನೊಮ್ಮೆ ನೋಡಿ, ಒಂದು ಮಾತೂ ಆಡದೆ ಹೊರಟುಹೋದರು.

ನಮ್ಮಲ್ಲಿ "ಹೋಗಿ ಬರ್ತೀನಿ" ಎನ್ನದೆ ಎದ್ದುಹೋಗುವುದು ಸಾವಿನ ಮನೆಯಿಂದ ಮಾತ್ರ. ಅತ್ತೆ ನೇರ ದೇವರ ಮನೆಗೆ ಹೋದರು. ತುಪ್ಪದ ದೀಪ ಹಚ್ಚಿದರು. ನನಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಬಹಳ ತಿಳಿದವರು, ನನ್ನ ಪಾದದಲ್ಲಿ ಏನು ಕಂಡರೋ ಎಂದು ಮತ್ತೆ ಮತ್ತೆ ಬೆರಳು ಆಡಿಸಿ ನೋಡಿಕೊಂಡೆ.

ಸಂಜೆ ನಮ್ಮವರು ಫೋನ್ ಮಾಡಿ ಕೇಳಿದರು. "ಎಂತ ಇಲ್ಲ ಮಾರಾಯ," ಎಂದರಂತೆ ದೊಡ್ಡಪ್ಪ. "ಬಾಯಲ್ಲಿ ಎಲೆಯಡಿಕೆ ಕವಳ ಇತ್ತು. ನಿಮ್ಮನೇಲಿ ಈಗ ಎಲ್ಲಾ ಕಡೆ ಟೈಲ್ಸು. ಎಲ್ಲಿ ಉಗಿಯೂದು?"

ಗಾಳಿಯಲ್ಲಿ ಬರೆಯುವುದು

ಕೊಪ್ಪದ ಫಿಸಿಯೋ ಹುಡುಗಿ ಒಂದು ವ್ಯಾಯಾಮ ಹೇಳಿಕೊಟ್ಟಳು. "ಹೆಬ್ಬೆರಳೇ ಪೆನ್ನು ಅಂದ್ಕೊಳ್ಳಿ ಅಕ್ಕಾ. ಕಾಲೆತ್ತಿ ಗಾಳೀಲಿ ಎಬಿಸಿಡಿ ಬರೀರಿ. ಗಂಟು ಸಡಿಲ ಆಗುತ್ತೆ."

ಮನೆಗೆ ಬಂದು ಇನ್ನೂ ಮೂರನೇ ಅಕ್ಷರದಲ್ಲಿದ್ದೆ, ಅತ್ತೆ ಬಂದರು.

"ಎಂತ ಮಾಡ್ತಿದ್ದಿ?"

"ಅಕ್ಷರ ಬರೀತಿದ್ದೀನಿ ಅತ್ತೆ."

"ಕಾಲಲ್ಲಾ?" ಅತ್ತೆ ಅಲ್ಲೇ ಕೂತುಬಿಟ್ಟರು. "ನಿನ್ನ ಗಂಡಂಗೆ ಶಾರದಮ್ಮನ ಸನ್ನಿಧಿಲಿ ಅಕ್ಕಿ ಮೇಲೆ ಕೈ ಹಿಡ್ದು ಬರೆಸಿದ್ದು. ಆ ಮನೇಲಿ ಕಾಲಲ್ಲಿ ಅಕ್ಷರ ಬರಿಯೂದಾ?"

"ಇದು ಇಂಗ್ಲಿಷು ಅತ್ತೆ."

"ಇಂಗ್ಲಿಷಿಗೆ ಬೇರೆ ಸರಸ್ವತಿ ಇದ್ದಾಳಾ?"

ಅಂಕಿಯಾದರೂ ಬರೆಯಲೇ ಎಂದೆ. ಅದೂ ವಿದ್ಯೆಯೇ ಎಂದರು. ಕೊನೆಗೆ ನನಗೆ ಗೊತ್ತಿದ್ದ ಇನ್ನೊಂದು ವಿದ್ಯೆಗೆ ಇಳಿದೆ. ಹೆಬ್ಬೆರಳಲ್ಲಿ ಬ್ಲೌಸಿನ ಕತ್ತು ಬರೆಯತೊಡಗಿದೆ. ಮೊದಮೊದಲು ಬೋಟ್ ನೆಕ್ ಮಾತ್ರ ಬಂತು; ಅದು ಅಡ್ಡಕ್ಕೆ ಒಂದು ಗೆರೆ, ನಡುವೆ ಸ್ವಲ್ಪ ತಗ್ಗು, ಅಷ್ಟೇ. ಕೆಲವು ದಿನ ಕಳೆದ ಮೇಲೆ ಯು ನೆಕ್ ಬಂತು. ಪಾಟ್ ನೆಕ್ ಮಾತ್ರ ಏನು ಮಾಡಿದರೂ ಬಾರದು. ಅದು ಮಡಕೆಯ ಆಕಾರ, ಮೇಲೆ ಕಿರಿದಾಗಿ ಕೆಳಗೆ ದುಂಡಗೆ ಹೊರಳಬೇಕು, ಪಾದದ ಗಂಟು ಪೂರ್ತಿ ಸುತ್ತಬೇಕು. ಒಂದು ಬೆಳಿಗ್ಗೆ ಅದೂ ಬಂದಾಗ ನನಗೆ ಅಳುವೇ ಬಂತು.

ಫಿಸಿಯೋ ಹುಡುಗಿ "ಎಲ್ಲಿವರೆಗೆ ಬಂತು ಅಕ್ಕಾ?" ಎಂದು ಕೇಳಿದಳು. "ಪಾಟ್ ನೆಕ್ ಬಂತು," ಎಂದೆ. ಅವಳಿಗೆ ಎಲ್ಲ ಬಿಡಿಸಿ ಹೇಳಬೇಕಾಯಿತು. ನನ್ನ ಪಾದವನ್ನು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಯೋಚಿಸಿದಳು. "ಹಿಂದೆ ದಾರ ಕಟ್ಟೋ ಹಾಗೆ ಮಾಡ್ಬಹುದಾ?"

"ಕಾಲಿಗಾ?" ಎಂದು ಗಾಬರಿಯಿಂದ ಕೇಳಿದೆ.

"ಅಲ್ಲ ಅಕ್ಕಾ, ನಮ್ಮ ತಂಗಿ ಮದುವೆ ಬ್ಲೌಸಿಗೆ."

ಹೋಲ್ಡಾನ್

ಕೋಲು ಹಿಡಿದು ನಡೆಯಬಹುದು, ಮಷೀನು ತುಳಿಯುವುದು ಸದ್ಯಕ್ಕೆ ಬೇಡ ಎಂದಿದ್ದಳು ಅವಳು. ಒಪ್ಪಿಕೊಂಡ ಬಟ್ಟೆ ಕಾಯುತ್ತದೆಯೇ? ನಮ್ಮವರಿಗೆ ಒಂದು ದಿನ ಬಿಟ್ಟು ಒಂದು ದಿನ ಡ್ಯೂಟಿ. ರಜೆಯ ದಿನ ಮಷೀನಿನ ಹಿಂದೆ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಪೆಡಲ್ ಒತ್ತುತ್ತೇನೆ, ನೀನು ಮೇಲೆ ಬಟ್ಟೆ ನೋಡಿಕೋ ಎಂದರು. ಒಂದೇ ಷರತ್ತು. "ಕಂಡಕ್ಟರ್ ಹೇಳ್ದೆ ನಾನು ಗಾಡಿ ಎತ್ತೋನಲ್ಲ. ನಿಲ್ಸೋನೂ ಅಲ್ಲ."

ಹಾಗಾಗಿ ನಾನು "ರೈಟ್" ಎನ್ನಬೇಕು, ಮಷೀನು ಹೊರಡುತ್ತಿತ್ತು. "ಹೋಲ್ಡಾನ್" ಎನ್ನಬೇಕು, ನಿಲ್ಲುತ್ತಿತ್ತು. ಮೊದಲ ದಿನ ಚಕ್ರ ಹಿಂದಕ್ಕೆ ತಿರುಗಿ ದಾರ ಕಡಿದು ಹೋಯಿತು. "ಇದಕ್ಕೆ ರಿವರ್ಸ್ ಇಲ್ಲ ರೀ," ಎಂದೆ. "ಇಲ್ದೆ ತಿರುವಲ್ಲಿ ಎಂತ ಮಾಡ್ತಿ?" ಎಂದು ಕೇಳಿದರು.

ತೋಳು ಕೂರಿಸುವಾಗ ನಾನು ಹೋಲ್ಡಾನ್ ಅಂದೆ. ಸೂಜಿ ಮುಂದೆ ಹೋಗಿ ತೋಳಿನ ಬಾಯಿಯನ್ನೇ ಮುಚ್ಚಿಬಿಟ್ಟಿತು. ಕೈ ತೂರಿಸಲು ಜಾಗವಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ಹೇಳಿದ ಕೂಡ್ಲೇ ನಿಲ್ಸೋಕೆ ಏನಾಗಿತ್ತು ನಿಮಗೆ?"

ಕೆಳಗಿನಿಂದ ಶಾಂತವಾಗಿ ಉತ್ತರ ಬಂತು. "ಮಷೀನ್ ನಿಂತಿತ್ತು. ಬಟ್ಟೆ ಮುಂದೆ ಹೋಗಿದ್ದು."

ಕತ್ತರಿ

ಕಪಾಟಿನಲ್ಲಿ ಉಳಿದಿದ್ದ ದೊಡ್ಡ ಗಿರಾಕಿ ಕಡಹಿನಬೈಲಿನ ಒಬ್ಬರು ಅಮ್ಮ. ಮನೆಮಂದಿಯ ಬ್ಲೌಸೆಲ್ಲ ಪ್ರತಿ ಸಲ ನನ್ನಲ್ಲೇ; ಈಗ ಮಗಳ ಧಾರೆಯ ಬ್ಲೌಸೂ ಹೊಲಿಯುವುದಿತ್ತು. ಅವರು ಹೋದರೆ ಅವರ ನೆಂಟರೆಲ್ಲ ಹೋದ ಹಾಗೆ, ಅಂಗಡಿ ಮುಚ್ಚಿದ ಹಾಗೆ. ಒಂದು ದಿನ ಫೋನ್ ಮಾಡಿ, "ನಾಳೆ ಬರ್ತೀನಿ. ನಿಮ್ಮ ಕಾಲು ಮಷೀನ್ ಮೇಲೆ ಓಡೋದು ನೋಡಿದ್ರೆ ಪೀಸ್ ಕೊಡ್ತೀನಿ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ, ಅಳತೆ ಬ್ಲೌಸ್ ಎತ್ತಿಡಿ," ಎಂದರು.

ರಾತ್ರಿ ಊಟದ ಹೊತ್ತಿಗೆ ನಮ್ಮವರು ಉಪಾಯ ಹೇಳಿದರು. ಬಟ್ಟೆ ಹಾಕಿ ನೋಡುವವರಿಗೆಂದು ಮೂಲೆಯಲ್ಲಿ ಪರದೆ ಕಟ್ಟಿದೆಯಲ್ಲ, ಮಷೀನನ್ನು ಅದಕ್ಕೆ ಒತ್ತಿ ಇಡುವುದು. ತಾವು ಪರದೆಯ ಹಿಂದೆ ಕೂತು ಕೆಳಗಿನಿಂದ ಕೈ ಚಾಚಿ ಪೆಡಲ್ ಒತ್ತುವುದು. ಮುಂದೆ ಒಂದು ಹಳೇ ಸೀರೆ ಇಳಿಬಿಡುವುದು. ರೈಟ್, ಹೋಲ್ಡಾನ್ ಎನ್ನುವಂತಿಲ್ಲ. ಕತ್ತರಿಯಿಂದ ಮೇಜಿಗೆ ಒಂದು ಸಲ ಕುಟ್ಟಿದರೆ ಹೊರಡುವುದು, ಎರಡು ಸಲ ಕುಟ್ಟಿದರೆ ನಿಲ್ಲುವುದು. ಅತ್ತೆ ಕೇಳಿಸಿಕೊಂಡು, "ಎಂತ ಬೇಕಾರೂ ಮಾಡಿ, ಶಾರದಮ್ಮನ್ನ ಇದ್ರಲ್ಲಿ ಸೇರಿಸಬೇಡಿ," ಎಂದರು.

ಮರುದಿನ ಅಮ್ಮ ಬಂದರು. ಕೈಯಲ್ಲಿ ಮೋಸಂಬಿ ಇತ್ತು.

ಕೋಲನ್ನು ಸ್ಟೂಲಿಗೆ ಆನಿಸಿ ಕೂತೆ. ಒಂದು ಚೂರು ಬಟ್ಟೆ ಸೂಜಿಯಡಿ ಇಟ್ಟು ಕತ್ತರಿ ಕುಟ್ಟಿದೆ. ಮಷೀನು ಹೊರಟಿತು. ಹದವಾಗಿ, ಸಮವಾಗಿ. ಅಮ್ಮನ ಮುಖ ಅರಳಿತು. "ಪರ್ವಾಗಿಲ್ವೇ, ಮೊದಲಿನ ಹಾಗೇ ಇದೆ," ಎನ್ನುತ್ತ, ಸೆರಗಿನಲ್ಲಿ ನೇತಾಡುತ್ತಿದ್ದ ಒಂದು ಎಳೆ ಕಂಡು, ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು ಕತ್ತರಿಸಿದರು. ಆಮೇಲೆ ಕತ್ತರಿಯನ್ನು ಆಚೆ ಕಿಟಕಿಯ ಮೇಲಿಟ್ಟರು.

ಬಟ್ಟೆಯ ಚೂರು ಮುಗಿಯಿತು. ಸೂಜಿ ಬರಿದೇ ಓಡತೊಡಗಿತು. ಬೆರಳಿನಿಂದ ಎರಡು ಸಲ ಕುಟ್ಟಿದೆ. ಬಳೆಯಿಂದ ಕುಟ್ಟಿದೆ. ಕತ್ತರಿಯ ಸದ್ದಲ್ಲದೆ ಬೇರೆ ಯಾವುದಕ್ಕೂ ನಿಲ್ಲುವ ಡ್ರೈವರ್ ಅಲ್ಲ ಅವರು. ಕತ್ತರಿ ಬೇಕು ಎಂಬುದೊಂದೇ ತಲೆಯಲ್ಲಿದ್ದದ್ದು. ಎದ್ದೆ, ಕಿಟಕಿಗೆ ಹೋದೆ, ಕತ್ತರಿ ತೆಗೆದುಕೊಂಡು ತಿರುಗಿದೆ.

ಮಷೀನು ತನ್ನ ಪಾಡಿಗೆ ಓಡುತ್ತಿತ್ತು. ಅಮ್ಮ ಖಾಲಿ ಸ್ಟೂಲನ್ನು ನೋಡುತ್ತಿದ್ದರು. ಮೆಲ್ಲಗೆ ಬಗ್ಗಿ ಸೀರೆಯ ಅಂಚು ಎತ್ತಿದರು. ಎರಡು ದಪ್ಪ ಕೈಗಳು ಶ್ರದ್ಧೆಯಿಂದ ಪೆಡಲ್ ಒತ್ತುತ್ತಿದ್ದವು. ಮುಗಿಯಿತು ನನ್ನ ಅಂಗಡಿ ಎಂದುಕೊಂಡೆ.

ಅಮ್ಮ ಸೀರೆಯನ್ನು ಇಳಿಬಿಟ್ಟು ನನ್ನತ್ತ ನೋಡಿದರು. "ಮಷೀನಿನ ಮಾತು ಹಾಗಿರ್ಲಿ," ಎಂದರು. "ನಿಮ್ಮ ಕೋಲೆಲ್ಲಿ?"

ಕೋಲು ಸ್ಟೂಲಿನ ಹತ್ತಿರವೇ ಇತ್ತು. ನಾನು ಕಿಟಕಿಯ ಹತ್ತಿರ ಇದ್ದೆ. ಬಗ್ಗಿ ನನ್ನ ಪಾದ ನೋಡಿಕೊಂಡೆ. ಎಡಗಾಲಿನ ಪಕ್ಕದಲ್ಲಿ, ಏನೂ ಆಗದವರ ಕಾಲಿನಂತೆ, ನೆಲಕ್ಕೆ ಪೂರ್ತಿ ಊರಿ ನಿಂತಿತ್ತು. ಕಣ್ಣು ಮಂಜಾಯಿತು.

ಅಮ್ಮ ಚೀಲದಿಂದ ರೇಷ್ಮೆ ಪೀಸ್ ತೆಗೆದು ಅಳತೆ ಬ್ಲೌಸಿನ ಮೇಲಿಟ್ಟರು. "ಪಾಟ್ ನೆಕ್ ಇಡಿ. ನಿಧಾನಕ್ಕಾದ್ರೂ ಅಡ್ಡಿಲ್ಲ, ನೀವೇ ತುಳೀರಿ," ಎಂದು ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಮಷೀನು ಇನ್ನೂ ಓಡುತ್ತಲೇ ಇತ್ತು.

ಆಗ ಪರದೆಯ ಹಿಂದಿನಿಂದ ಸುಸ್ತಾದ ಪಿಸುದನಿ ಕೇಳಿಸಿತು.

"ಮಾರಾಯ್ತಿ, ಕೈ ಸೋತೋಯ್ತು. ಸ್ಟಾಪ್ ಇನ್ನೂ ಬಂದಿಲ್ವಾ?"